ಕಲ್ಲಿನ ವಯಸ್ಸು ಕಲ್ಲಿನಲ್ಲಿಲ್ಲ

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ರಾಶಿಯ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಎಂಬುದು ಅಲ್ಲಿಗೆ ಹೋದವರೆಲ್ಲ ಕೇಳಿ ಬರುವ ಮಾತು. ಹದಿನಾಲ್ಕನೆಯ ಶತಮಾನದ ಶಿಲ್ಪಿಗಳು ಕಾಲವನ್ನು ಎಣಿಸುವ ಕೆಲಸವನ್ನು ಕಲ್ಲಿಗೇ ಒಪ್ಪಿಸಿಬಿಟ್ಟರು. ತಿಂಗಳನ್ನು ಹೇಳುವ ಕಲ್ಲು ತನ್ನ ವಯಸ್ಸನ್ನೂ ಹೇಳೀತೇ ಎಂದು ಆ ಕಂಬಗಳ ಮುಂದೆ ನಿಂತಾಗ ಅನ್ನಿಸದೆ ಇರುವುದಿಲ್ಲ.

ಹೇಳುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಣ್ಣಿನಡಿ ಮಲಗಿರುವ ಹಳೆಯ ಬಂಡೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಿಂದಿನವು. ಭೂಮಿಯ ಮೇಲೆ ಇಂಥ ಹಳೆಯ ನೆಲ ಹೆಚ್ಚಿಲ್ಲ. ಆ ಬಂಡೆಯಿಂದ ಹೋದ ವರ್ಷ ಒಂದು ಒರಳು ಕಡೆದಿದ್ದರೆ ಒರಳಿಗೆ ವಯಸ್ಸು ಒಂದು, ಅದರ ಕಲ್ಲಿಗೆ 300 ಕೋಟಿ. ಕಲ್ಲು ಹುಟ್ಟಿದ್ದು ಯಾವಾಗ ಎನ್ನುವುದನ್ನು ಭೂವಿಜ್ಞಾನಿ ಅದರೊಳಗಿನ ಖನಿಜವನ್ನು ಕೇಳಿ ತಿಳಿಯಬಲ್ಲ. ಆದರೆ ಒಂದು ಕೈ ಆ ಕಲ್ಲನ್ನು ಹಿಡಿದು, ಇನ್ನೊಂದು ಕಲ್ಲಿನಿಂದ ಹೊಡೆದು, ಒಂದು ಚಕ್ಕೆ ಸಿಡಿಸಿದ ಗಳಿಗೆ ಇದೆಯಲ್ಲ, ಆ ಗಳಿಗೆಯ ಲೆಕ್ಕವನ್ನು ಕಲ್ಲು ಇಟ್ಟುಕೊಳ್ಳುವುದಿಲ್ಲ. ಪೆಟ್ಟಿನ ಗುರುತು ಉಳಿಯುತ್ತದೆ, ಪೆಟ್ಟು ಬಿದ್ದ ದಿನ ಉಳಿಯುವುದಿಲ್ಲ.

ಹಾಗಿದ್ದೂ ನಮ್ಮ ರಾಜ್ಯದ ಒಂದು ಜಾಗದ ಬಗ್ಗೆ, ಇಲ್ಲಿ ಕೂತು ಕಲ್ಲು ಒಡೆದವರು ಸುಮಾರು 12 ಲಕ್ಷ ವರ್ಷಗಳ ಹಿಂದೆ ಇದ್ದರು ಎಂದು ವಿದ್ವಾಂಸರು ಹೇಳುತ್ತಾರೆ. ಆ ಜಾಗ ಇಸಾಂಪುರ. ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಸಣ್ಣ ಹಳ್ಳಿ. ಹನ್ನೆರಡು ಲಕ್ಷ ಎಂಬ ಸಂಖ್ಯೆ ಕೇಳಿ ಬೆರಗಾಗುವುದು ಸುಲಭ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಶ್ನೆ: ಕಲ್ಲು ಬಾಯಿ ಬಿಡದಿದ್ದರೆ ಈ ವಯಸ್ಸನ್ನು ಹೇಳಿದವರು ಯಾರು?

ಹುಣಸಗಿ ಮತ್ತು ಬೈಚಬಾಳದ ಕಣಿವೆಗಳು ಒಂದಕ್ಕೊಂದು ಅಂಟಿಕೊಂಡ ಎರಡು ತಗ್ಗು ಬಯಲುಗಳು. ಸುತ್ತಲೂ ಸುಣ್ಣಕಲ್ಲಿನ, ಜೇಡಿಕಲ್ಲಿನ ಎತ್ತರವಲ್ಲದ ದಿಬ್ಬಗಳು. ನಡುವೆ ಹರಿಯುವ ಹುಣಸಗಿ ಹಳ್ಳ ಕೃಷ್ಣೆಯನ್ನು ಸೇರುತ್ತದೆ. ಸುರಪುರ ಸೀಮೆಯ ಈ ನೆಲ ಪುರಾತತ್ತ್ವಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಮೆಡೋಸ್ ಟೇಲರ್ ಇಲ್ಲಿಯ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು ಬರೆದಿದ್ದ. ಆದರೆ ಅದಕ್ಕೂ ಎಷ್ಟೋ ಹಿಂದಿನ ಶಿಲಾಯುಗದ ನೆಲೆಗಳನ್ನು ಕಾಲ್ನಡಿಗೆಯಲ್ಲಿ ಒಂದೊಂದಾಗಿ ಹುಡುಕಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. 1970ರ ದಶಕದಿಂದ ದಶಕಗಟ್ಟಲೆ ನಡೆದ ಆ ಹುಡುಕಾಟದಲ್ಲಿ ಎರಡು ಕಣಿವೆಗಳಲ್ಲಿ ಸುಮಾರು ಇನ್ನೂರು ನೆಲೆಗಳು ಸಿಕ್ಕವು. ಕೈಗೊಡಲಿ ಮಾಡುತ್ತಿದ್ದ ಜನರ ಈ ಸಂಸ್ಕೃತಿಯನ್ನು ಜಗತ್ತೆಲ್ಲ ಅಶೂಲಿಯನ್ ಎಂದು ಕರೆಯುತ್ತದೆ.

ಇಸಾಂಪುರ ಕಣ್ಣಿಗೆ ಬಿದ್ದದ್ದು 1983ರಲ್ಲಿ. ಕೃಷ್ಣೆಯ ನೀರನ್ನು ಬಯಲಿಗೆ ತರುವ ಕಾಮಗಾರಿಗಾಗಿ ನೀರಾವರಿಯವರು ಹೊಲದ ಮೇಲುಮಣ್ಣನ್ನು ತೆಗೆದು ಸಾಗಿಸಿದ್ದರು. ಆಳೆತ್ತರದ ಮಣ್ಣು ಹೋದ ಜಾಗದಲ್ಲಿ ಸುಣ್ಣಕಲ್ಲಿನ ಹಾಸು, ಅದರ ಮೇಲೆ ಒಡೆದ ಕಲ್ಲುಗಳ ರಾಶಿ ಬೆಳಕು ಕಂಡಿತು. ಇದನ್ನು ಓದುವಾಗ ನರಸಿಂಹರಾಜಪುರದ ಕಡೆಯವರಿಗೆ ಭದ್ರೆಯ ಹಿನ್ನೀರು ನೆನಪಾದೀತು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದಾಗ ನಮ್ಮ ಕಡೆ ಗದ್ದೆ, ಮನೆ, ಊರು ನೀರಿನಡಿ ಸೇರಿದವು. ಅಲ್ಲಿ ಇನ್ನೊಂದು ಅಣೆಕಟ್ಟಿನ ಕಾಲುವೆ ಲಕ್ಷಾಂತರ ವರ್ಷಗಳಿಂದ ಮುಚ್ಚಿಹೋಗಿದ್ದ ಒಂದು ಊರನ್ನು, ಅದನ್ನು ಊರು ಎನ್ನಬಹುದಾದರೆ, ಮೇಲಕ್ಕೆತ್ತಿತು. ನೀರಾವರಿ ಎಂಬ ಒಂದೇ ಕೆಲಸ ಒಂದು ಕಡೆ ನೆನಪನ್ನು ಮುಳುಗಿಸಿತು, ಇನ್ನೊಂದು ಕಡೆ ಯಾರಿಗೂ ಇಲ್ಲದಿದ್ದ ನೆನಪನ್ನು ತಂದುಕೊಟ್ಟಿತು.

1997ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಯಿತು. ಸಾವಿರಾರು ಕಲ್ಲುಗಳು ಹೊರಬಂದವು. ನೋಡಿದರೆ ಅದೊಂದು ಕಲ್ಲಿನ ಕಾರ್ಖಾನೆ. ಸುಣ್ಣಕಲ್ಲು ಅಲ್ಲಿ ತಾನೇ ಬಿರುಕುಬಿಟ್ಟು ಹಲಗೆ ಹಲಗೆಯಾಗಿ ಸೀಳಿಕೊಂಡಿತ್ತು. ಸಿಲಿಕಾ ಸೇರಿ ಗಟ್ಟಿಯಾದ ಒಳ್ಳೆಯ ಕಲ್ಲು. ಬಂದವರು ಹಾಸಿನ ಬಿರುಕಿನಿಂದ ಹಲಗೆಗಳನ್ನು ಮೀಟಿ ತೆಗೆದಿದ್ದರು. ದಪ್ಪ ಹಲಗೆಯಿಂದ ದೊಡ್ಡ ಚಕ್ಕೆ ಎಬ್ಬಿಸಿ ಅಗಲಬಾಯಿಯ ಸೀಳುಗೊಡಲಿ ಮಾಡಿದ್ದರು. ತೆಳು ಹಲಗೆ ಸಿಕ್ಕರೆ ಅದರ ಎರಡೂ ಮುಖವನ್ನು ಅಂಚಿನಿಂದ ಕೆತ್ತಿ, ಮೂತಿ ಚೂಪು ಮಾಡಿ, ಕೈಗೊಡಲಿ ಮಾಡಿದ್ದರು. ಹೊಡೆಯಲು ಬಳಸಿದ ಸುತ್ತಿಗೆಗಲ್ಲುಗಳು ಮಾತ್ರ ಸುಣ್ಣಕಲ್ಲಿನವಲ್ಲ. ಅವು ಕಪ್ಪುಕಲ್ಲು, ಬೆಣಚುಕಲ್ಲಿನ ಜಾತಿಯ ಗಟ್ಟಿ ಉಂಡೆಗಳು. ಅಂದರೆ ಒಡೆಯುವ ಕಲ್ಲು ಇಲ್ಲಿದೆ ಎಂದು ಗೊತ್ತಿದ್ದು, ಹೊಡೆಯುವ ಕಲ್ಲನ್ನು ಬೇರೆಡೆಯಿಂದ ಆರಿಸಿ ಹೊತ್ತು ತಂದಿದ್ದಾರೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇನ್ನೂ ಕಣ್ಣಿಗೆ ಬೀಳದ ಕೆಲಸಕ್ಕಾಗಿ ಕೈಯಲ್ಲಿ ಕಲ್ಲು ಹಿಡಿದು ನಡೆದವನ ತಲೆಯಲ್ಲಿ ನಾಳೆ ಎಂಬುದು ಇತ್ತು.

ಕಲ್ಲು ಒಡೆದವರು ಕೂತ ಜಾಗಗಳೂ ಗುರುತಿಗೆ ಸಿಕ್ಕವು. ಒಂದೊಂದು ಕಡೆ ಚಕ್ಕೆಗಳ ಗುಪ್ಪೆ, ಪಕ್ಕದಲ್ಲಿ ಅರ್ಧಕ್ಕೆ ಬಿಟ್ಟ ಉಪಕರಣ, ಬಿಸಾಡಿದ ತುಂಡು. ಮಾಡಿ ಮುಗಿಸಿದ ಕೈಗೊಡಲಿಗಿಂತ ಈ ಕಸವೇ ಹೆಚ್ಚು ಮಾತಾಡುತ್ತದೆ. ಮುಗಿದ ಕೈಗೊಡಲಿಯನ್ನು ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಕಸವನ್ನು ಯಾರೂ ಹೊತ್ತೊಯ್ಯುವುದಿಲ್ಲ. ಬಿದ್ದಲ್ಲೇ ಬಿದ್ದಿರುತ್ತದೆ, ಹಾಗಾಗಿ ಕೆಲಸ ನಡೆದದ್ದು ಇಲ್ಲೇ ಎಂದು ಅದು ಸಾಕ್ಷಿ ನುಡಿಯುತ್ತದೆ.

ಆದರೆ ಯಾವಾಗ?

ಕಲ್ಲುಗಳ ನಡುವೆ ಕಾಡುದನದಂಥ, ಜಿಂಕೆಯಂಥ ಮೇಯುವ ಪ್ರಾಣಿಗಳ ಎಲುಬು, ಹಲ್ಲುಗಳ ಚೂರು ಸಿಕ್ಕಿದ್ದವು. ಆಮೆಯ ಚಿಪ್ಪಿನ ತುಣುಕುಗಳೂ ಇದ್ದವು. ಕಲ್ಲು ಕೊಡದ ಉತ್ತರವನ್ನು ಕೊಟ್ಟದ್ದು ಆ ಹಲ್ಲು. ಮಣ್ಣಿನಲ್ಲಿ ಎಲ್ಲೆಲ್ಲೂ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಅತಿ ಸ್ವಲ್ಪ ಪ್ರಮಾಣದಲ್ಲಿ ಇರುತ್ತವೆ. ಅವುಗಳಿಂದ ವಿಕಿರಣ ಸದಾ ಹೊಮ್ಮುತ್ತಿರುತ್ತದೆ. ಮಣ್ಣಿನಲ್ಲಿ ಹೂತ ಹಲ್ಲಿನ ಮೇಲ್ಪದರಕ್ಕೆ, ಅಂದರೆ ಎನಾಮಲ್ಲಿಗೆ, ಆ ವಿಕಿರಣ ತಗುಲಿದಾಗಲೆಲ್ಲ ಅದರ ಹರಳುಗಳ ಸಂದಿಯಲ್ಲಿ ಕೆಲವು ಎಲೆಕ್ಟ್ರಾನುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಸಿಕ್ಕಿದ್ದು ಹೊರಗೆ ಬರುವುದಿಲ್ಲ, ವರ್ಷ ವರ್ಷ ಕೂಡುತ್ತಲೇ ಹೋಗುತ್ತದೆ. ಮಳೆಗಾಲದಲ್ಲಿ ಸೂರಿನ ನೀರಿಗೆ ಇಟ್ಟ ಹಂಡೆಯ ಹಾಗೆ. ಹಂಡೆಯಲ್ಲಿ ಎಷ್ಟು ನೀರಿದೆ ಎಂದು ಅಳೆದು, ಗಂಟೆಗೆ ಎಷ್ಟು ನೀರು ಬೀಳುತ್ತದೆ ಎಂಬುದನ್ನೂ ತಿಳಿದರೆ ಹಂಡೆ ಇಟ್ಟು ಎಷ್ಟು ಹೊತ್ತಾಯಿತು ಎಂದು ಹೇಳಬಹುದು. ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನ ಮಾಡುವುದು ಇಷ್ಟನ್ನೇ. ಹಲ್ಲಿನೊಳಗೆ ಕೂಡಿದ್ದನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ವರ್ಷಕ್ಕೆ ಎಷ್ಟು ಕೂಡುತ್ತಿತ್ತು ಎಂಬುದನ್ನು ಹಲ್ಲಿನ ಸುತ್ತಲಿದ್ದ ಮಣ್ಣಿನಿಂದ ಲೆಕ್ಕಹಾಕುತ್ತಾರೆ.

2002ರಲ್ಲಿ ಪ್ರಕಟವಾದ ಆ ಲೆಕ್ಕ ಸುಮಾರು 12 ಲಕ್ಷ ವರ್ಷ ಎಂದಿತು. ಒಂದೆರಡು ಲಕ್ಷ ಆಚೀಚೆ ಇರಬಹುದು ಎಂಬ ಮಾತನ್ನೂ ಸೇರಿಸಿತು. ಹಲ್ಲು ನೆಲದ ನೀರಿನಿಂದ ಯುರೇನಿಯಂ ಹೀರಿಕೊಳ್ಳುತ್ತದೆ. ಹೂತ ಕೂಡಲೇ ಹೀರಿತೋ, ನಿಧಾನವಾಗಿ ಹೀರಿತೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿಯೇ ವಿದ್ವಾಂಸರಲ್ಲಿ ಈ ಸಂಖ್ಯೆಯನ್ನು ಎಚ್ಚರದಿಂದ ಬಳಸುವವರೂ ಇದ್ದಾರೆ. ಆ ಎಚ್ಚರ ನನಗೆ ಹಿಡಿಸಿತು. ಜಾತಕ ಬರೆಯುವವರಂತೆ ಗಳಿಗೆ, ವಿಗಳಿಗೆ ಹೇಳದೆ ಇಷ್ಟರಿಂದ ಇಷ್ಟರೊಳಗೆ ಎಂದು ಹೇಳುವುದು ಕಾಲಕ್ಕೆ ಕೊಡುವ ಮರ್ಯಾದೆ.

ಅದೇ ಕಣಿವೆಯ ಬೇರೆ ನೆಲೆಗಳಿಗೆ ಬೇರೆ ಸಾಕ್ಷಿಗಳು. ಸುಣ್ಣಕಲ್ಲಿನ ನಾಡಿನ ಒರತೆಗಳಲ್ಲಿ ಬರುವ ನೀರು ಕರಗಿದ ಸುಣ್ಣವನ್ನು ಹೊತ್ತು ತಂದು ಅಲ್ಲೇ ಪದರ ಪದರವಾಗಿ ಕಲ್ಲುಗಟ್ಟಿಸುತ್ತದೆ. ಯುರೇನಿಯಂ ನೀರಿನಲ್ಲಿ ಕರಗಿ ಬರುತ್ತದೆ, ಥೋರಿಯಂ ಕರಗುವುದಿಲ್ಲ. ಆದ್ದರಿಂದ ಆ ಪದರದಲ್ಲಿ ಸಿಗುವ ಥೋರಿಯಂ ಎಲ್ಲ ಯುರೇನಿಯಂ ಕ್ಷಯಿಸಿ ಹುಟ್ಟಿದ್ದೇ. ಎರಡರ ಪಾಲು ನೋಡಿ ಕಾಲ ಹೇಳಬಹುದು, ಮೂರೂವರೆ ಲಕ್ಷ ವರ್ಷದ ತನಕ. ಹುಣಸಗಿಯ ಕೆಲವು ಮಾದರಿ ಆ ಗಡಿಯನ್ನೂ ದಾಟಿ ಹಿಂದೆ ಹೋದವು. ಸದಬ, ತೆಗ್ಗಿಹಳ್ಳಿಗಳಲ್ಲಿ ಸಿಕ್ಕ ಹಲ್ಲುಗಳಿಗೆ 1990ರಲ್ಲಿ ಇದೇ ಬಗೆಯ ಲೆಕ್ಕದಿಂದ ಸುಮಾರು 2 ಲಕ್ಷ 90 ಸಾವಿರ ವರ್ಷ ಎಂದು ತಿಳಿದಿತ್ತು. ಅಂದರೆ ಒಂದೇ ಬಯಲಿನಲ್ಲಿ, ಒಂದೇ ಹಳ್ಳದ ಆಸುಪಾಸಿನಲ್ಲಿ, ಹೆಚ್ಚುಕಡಿಮೆ 9 ಲಕ್ಷ ವರ್ಷಗಳ ಅಂತರದಲ್ಲಿ ಒಂದೇ ಜಾತಿಯ ಕೈಗೊಡಲಿ ತಯಾರಾಗಿದೆ.

ಈ ಅಂತರವನ್ನು ಅಳೆಯಲು ನಮ್ಮ ಸೀಮೆಯಲ್ಲೇ ಒಂದು ಅಳತೆಗೋಲಿದೆ. ಶೃಂಗೇರಿ ಪೀಠದ ಪರಂಪರೆಯನ್ನು ಸುಮಾರು 1200 ವರ್ಷಗಳದ್ದು ಎಂದು ಎಣಿಸುತ್ತೇವೆ. ಈಗಿನ ಜಗದ್ಗುರುಗಳು ಆ ಸಾಲಿನಲ್ಲಿ 36ನೆಯವರು. ಗುರುವಿನಿಂದ ಶಿಷ್ಯನಿಗೆ, ಅವನಿಂದ ಅವನ ಶಿಷ್ಯನಿಗೆ ಕೈದಾಟಿಸಿಕೊಂಡು ಬಂದ ವಿದ್ಯೆಯನ್ನು ನೆನೆದಾಗ ನಮಗೆ ಕೈಮುಗಿಯಬೇಕು ಅನ್ನಿಸುತ್ತದೆ. ಇಸಾಂಪುರ ಅದರ ಸಾವಿರ ಪಟ್ಟು ಹಿಂದಿದೆ. ಅದೇ ಲೆಕ್ಕದಲ್ಲಿ 36 ಸಾವಿರ ಗುರುಗಳು ಬೇಕು. ಮಠದಲ್ಲಿ ವಿದ್ಯೆ ದಾಟಲು ಮಾತಿದೆ, ಮಂತ್ರವಿದೆ, ಓಲೆಗರಿ ಇದೆ. ಅಲ್ಲಿ ಕೈ ಕೈಯನ್ನು ನೋಡಿ ಕಲಿತಿದೆ. ಯಾವ ಕೋನದಲ್ಲಿ ಹೊಡೆದರೆ ಚಕ್ಕೆ ಉದ್ದಕ್ಕೆ ಏಳುತ್ತದೆ, ಎಲ್ಲಿ ಹೊಡೆದರೆ ಕಲ್ಲು ಪುಡಿಯಾಗುತ್ತದೆ, ಒಂದು ಮುಖ ಕೆತ್ತಿದ ಮೇಲೆ ಯಾವಾಗ ಮಗುಚಬೇಕು ಎಂಬುದನ್ನು ಯಾರೂ ಹುಟ್ಟುತ್ತಲೇ ತಿಳಿದು ಬರುವುದಿಲ್ಲ. ಅದು ಪಕ್ಕದಲ್ಲಿ ಕೂತು, ಕೆಡಿಸಿ, ಬೆರಳು ಜಜ್ಜಿಕೊಂಡು ಕಲಿಯುವ ವಿದ್ಯೆ. ಪಕ್ಕದಲ್ಲಿ ಕೂರಲು ಬಿಟ್ಟವರೊಬ್ಬರು ಇದ್ದರು ಎಂದಾಯಿತು.

ಮತ್ತೂ ಸೋಜಿಗವೆಂದರೆ ಅವರು ನಾವಲ್ಲ. ನಮ್ಮ ಜಾತಿಯ ಮನುಷ್ಯ, ಹೋಮೋ ಸೇಪಿಯನ್ಸ್, ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ. ಹುಣಸಗಿಯಲ್ಲಿ ಕೈಗೊಡಲಿಯ ಕಾಲದ ಮನುಷ್ಯನ ಒಂದು ಎಲುಬೂ ಸಿಕ್ಕಿಲ್ಲ. ಭಾರತದಲ್ಲಿ ಹಾಗೆ ಸಿಕ್ಕ ತಲೆಬುರುಡೆ ಒಂದೇ, 1982ರಲ್ಲಿ ನರ್ಮದೆಯ ದಡದ ಹಥ್ನೋರಾದಲ್ಲಿ. ಇಸಾಂಪುರದವರು ಹೋಮೋ ಎರೆಕ್ಟಸ್ ಗುಂಪಿಗೆ ಸೇರಿದವರಿರಬೇಕು ಎಂಬುದು ತಜ್ಞರ ಊಹೆ. ಅವರ ಮುಖ ನಮಗೆ ತಿಳಿಯದು, ಅವರ ಕೈಬರಹ ಮಾತ್ರ ಗೊತ್ತು. ಆ ಕೈಗೊಡಲಿಯನ್ನು ಇಂದು ಹಿಡಿದರೆ ನಮ್ಮ ಅಂಗೈಗೂ ಅದು ಒಪ್ಪುತ್ತದೆ. ಬೇರೆ ಜಾತಿಯ ಜೀವಿ ತನ್ನ ಕೈಗೆಂದು ಮಾಡಿದ್ದು ನನ್ನ ಕೈಗೆ ಹೊಂದುವುದಾದರೆ, ಅವರು ಪೂರ್ತಿ ಬೇರೆ ಎಂದು ಹೇಳುವ ಧೈರ್ಯ ನನಗಿಲ್ಲ.

ಅವರು ಕಂಡ ಜಗತ್ತು ಯಾವುದು? ಅವರ ಕಾಲದ ಬಹುಪಾಲು ಭೂಮಿಯ ಕಾಂತಧ್ರುವಗಳು ತಿರುಗುಮುರುಗಾಗಿದ್ದವು. ಇಂದಿನ ದಿಕ್ಸೂಚಿಯನ್ನು ಅಲ್ಲಿಗೆ ಒಯ್ದಿದ್ದರೆ ಮುಳ್ಳು ದಕ್ಷಿಣಕ್ಕೆ ತಿರುಗಿ ನಿಲ್ಲುತ್ತಿತ್ತು. ಧ್ರುವಗಳು ಕೊನೆಯ ಸಲ ಮಗುಚಿ ಈಗಿನ ಸ್ಥಿತಿಗೆ ಬಂದದ್ದು ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ. ಅದಕ್ಕೂ ಮೊದಲು ನೆಲಕ್ಕಿಳಿದ ಕೆಸರು ಆ ತಿರುಗುಮುರುಗು ದಿಕ್ಕನ್ನು ತನ್ನ ಕಣಗಳಲ್ಲಿ ಹಿಡಿದಿಟ್ಟುಕೊಂಡಿದೆ. ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನ ಪದರಗಳು ಹಳೆಯವು ಎನ್ನಲು ಅದೂ ಒಂದು ಆಧಾರವಾಯಿತು. ಅಲ್ಲಿಯ ಬೆಣಚುಕಲ್ಲುಗಳ ಮೇಲೆ ವಿಶ್ವಕಿರಣ ಬಿದ್ದು ಹುಟ್ಟಿದ ಅಲ್ಯೂಮಿನಿಯಂ, ಬೆರಿಲಿಯಂ ಪರಮಾಣುಗಳನ್ನು ಎಣಿಸಿ, ಮಣ್ಣಿನಡಿ ಹೂತ ಮೇಲೆ ಅವು ಎಷ್ಟು ಕ್ಷಯಿಸಿವೆ ಎಂದು ನೋಡಿ, 2011ರಲ್ಲಿ ಸುಮಾರು 15 ಲಕ್ಷ ವರ್ಷ ಎಂದರು. ನಕ್ಷತ್ರಗಳ ಕಡೆಯಿಂದ ಬಂದ ಕಿರಣ, ಭೂಮಿಯ ಕಾಂತ, ಮಣ್ಣಿನ ಯುರೇನಿಯಂ, ಒಂದು ದನದ ಹಲ್ಲು. ಒಂದು ಪೆಟ್ಟಿನ ಕಾಲ ಹೇಳಲು ಇಷ್ಟು ಸಾಕ್ಷಿಗಳು ಬರಬೇಕಾಯಿತು.

ಇನ್ನು ನೆಲ, ನೀರು. ಹುಣಸಗಿ ಇಂದು ಬಿಸಿಲ ನಾಡು. ಮಳೆ ವರ್ಷಕ್ಕೆ 600–700 ಮಿಲಿಮೀಟರಿನ ಆಸುಪಾಸು. ಆದರೆ ಸುಣ್ಣಕಲ್ಲಿನ ದಿಬ್ಬಗಳು ಮಳೆನೀರನ್ನು ಬಿರುಕುಗಳಲ್ಲಿ ಕುಡಿದು ಬುಡದಲ್ಲಿ ಒರತೆಯಾಗಿ ಬಿಡುತ್ತವೆ. ಬೇಸಗೆಯಲ್ಲೂ ಬತ್ತದ ಒರತೆಗಳು ಆ ಕಣಿವೆಯಲ್ಲಿದ್ದವು. ಮಳೆಗಾಲದಲ್ಲಿ ಎಲ್ಲೆಲ್ಲೂ ನೀರು, ಹಣ್ಣು, ಗೆಡ್ಡೆ. ಆಗ ಸಣ್ಣ ಸಣ್ಣ ಗುಂಪುಗಳು ಕಣಿವೆಯ ತುಂಬ ಚದುರಿಕೊಳ್ಳುತ್ತಿದ್ದವು. ಬೇಸಗೆಯಲ್ಲಿ ಒರತೆಯ ಬಳಿಗೆ ಎಲ್ಲರೂ ಬಂದು ಸೇರುತ್ತಿದ್ದರು, ಪ್ರಾಣಿಗಳೂ ಅಲ್ಲಿಗೇ ಬರುತ್ತಿದ್ದವು. ನೆಲೆಗಳ ಹರವನ್ನು ನೋಡಿ ಪದ್ದಯ್ಯನವರು ಕಟ್ಟಿಕೊಟ್ಟ ಚಿತ್ರ ಇದು. ಅದನ್ನು ಓದಿದಾಗ ಕಲ್ಲಿನ ಕಾರ್ಖಾನೆ ಇಸಾಂಪುರದಲ್ಲೇ ಏಕೆ ಎಂಬುದಕ್ಕೆ ಉತ್ತರ ತಾನೇ ಸಿಗುತ್ತದೆ. ಕಲ್ಲು ಇತ್ತು, ನೀರು ಹತ್ತಿರವಿತ್ತು, ಬೇಟೆ ಕಾಲಬುಡಕ್ಕೆ ಬರುತ್ತಿತ್ತು. ಈ ಮೂರೂ ಒಟ್ಟಿಗೆ ಸಿಗುವ ಜಾಗವನ್ನು ಅವರು ಕಂಡುಕೊಂಡಿದ್ದರು. ಆ ನೆಲವನ್ನು ನಕ್ಷೆಯಿಲ್ಲದೆ ಓದಿದವರು ಅವರು.

ಇಲ್ಲಿಗೆ ಬಂದಾಗ ಮನಸ್ಸು ಮಲೆನಾಡಿಗೆ ಹೊರಳುತ್ತದೆ. ನೀರು ನಮ್ಮಲ್ಲಿ ಕಡಿಮೆಯೇ? ತುಂಗೆ, ಭದ್ರೆ ಎರಡೂ ಹುಟ್ಟುವುದು ಇಲ್ಲಿ. ಶೃಂಗೇರಿ, ಹರಿಹರಪುರದ ಮುಂದೆ ಹರಿದ ತುಂಗೆ, ಬಾಳೆಹೊನ್ನೂರು ದಾಟಿದ ಭದ್ರೆ ಕೂಡಲಿಯಲ್ಲಿ ಕೂಡಿ, ಕೊನೆಗೆ ಸೇರುವುದು ಇಸಾಂಪುರದ ಹಳ್ಳ ಸೇರುವ ಅದೇ ಕೃಷ್ಣೆಯನ್ನು. ಕಲ್ಲಿಗೂ ಬರವಿಲ್ಲ. ಹಾಗಿದ್ದರೂ ಹಳೆಯ ಶಿಲಾಯುಗದ ನಕ್ಷೆಯಲ್ಲಿ ಘಟ್ಟದ ಈ ಸೆರಗು ಹೆಚ್ಚುಕಡಿಮೆ ಖಾಲಿ. ಇದಕ್ಕೆ ಧಾರವಾಡದ ಪ್ರಾಗಿತಿಹಾಸ ವಿದ್ವಾಂಸ ರವಿ ಕೋರಿಶೆಟ್ಟರ್ ಒಂದು ವಿವರಣೆ ಕೊಟ್ಟಿದ್ದಾರೆ. ಭೀಮಾ, ಕಲಾದಗಿ, ಕಡಪಾದಂಥ ಪುರಾತನ ಪದರಶಿಲೆಯ ತಗ್ಗು ಬಯಲುಗಳೇ ಆದಿಮಾನವರ ತವರು. ಒಳ್ಳೆಯ ಕಲ್ಲು, ಬತ್ತದ ಒರತೆ, ಹುಲ್ಲು ಬೆಳೆಯುವ ಬಯಲು, ಬಗೆಬಗೆಯ ಸಸ್ಯ, ಪ್ರಾಣಿ ಎಲ್ಲವೂ ಒಂದೆಡೆ ಸೇರಿರುವುದು ಅಲ್ಲಿ. ಮಳೆ ಸುರಿಯುವ ದಟ್ಟ ಕಾಡಿನಲ್ಲಿ ಹಿಂಡು ಹಿಂಡಾಗಿ ಮೇಯುವ ಪ್ರಾಣಿಗಳಿಗೆ ಜಾಗವಿಲ್ಲ, ಕಲ್ಲು ಕಾಡುಮಣ್ಣಿನಡಿ ಹುದುಗಿರುತ್ತದೆ, ಕಣ್ಣು ಹತ್ತು ಮಾರು ಆಚೆ ಹರಿಯುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ನಿದರ್ಶನವಿದೆ. ಶೃಂಗೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬಿದ್ದರೆ ಕಡೂರಿಗೆ ಸಿಗುವುದು ಅದರ ಕಾಲುಭಾಗಕ್ಕೂ ಕಡಿಮೆ. ಬಾಬಾಬುಡನ್ ಬೆಟ್ಟಸಾಲು ಮೋಡವನ್ನು ತಡೆಯುತ್ತದೆ. ಆ ಬೆಟ್ಟದ ಮಳೆನೆರಳಿನ ಕಡೆ, ತರೀಕೆರೆ ಸೀಮೆಯ ಲಿಂಗದಹಳ್ಳಿಯಲ್ಲಿ ಹಳೆಯ ಶಿಲಾಯುಗದ ಕಲ್ಲುಗಳು ಸಿಕ್ಕಿವೆ. ತಿಪಟೂರು ಕಡೆಯ ಕಿಬ್ಬನಹಳ್ಳಿಯೂ ಹೆಸರಾದ ನೆಲೆ. ಲಿಂಗದಹಳ್ಳಿ ಕೊಪ್ಪದಿಂದ ಅಂಥ ದೂರವೇನಲ್ಲ. ಒಂದು ಬೆಟ್ಟಸಾಲು ದಾಟಿದರೆ ಮನುಷ್ಯನ ಗುರುತು, ಈಚೆ ಬಂದರೆ ಇಲ್ಲ.

ಆದರೆ ಇಲ್ಲ ಎನ್ನುವುದಕ್ಕೆ ಎರಡು ಅರ್ಥವಿರಬಹುದು. ಯಾರೂ ಬರಲಿಲ್ಲ ಎನ್ನುವುದು ಒಂದು. ಬಂದದ್ದರ ಗುರುತನ್ನು ನೆಲ ಉಳಿಸಲಿಲ್ಲ ಎನ್ನುವುದು ಇನ್ನೊಂದು. ಹುಣಸಗಿಯ ಸುಣ್ಣದ ಮಣ್ಣು ಹಲ್ಲನ್ನು 12 ಲಕ್ಷ ವರ್ಷ ಜೋಪಾನ ಮಾಡಿತು. ನಮ್ಮ ಮಣ್ಣು ಹಾಗಲ್ಲ. ಇಲ್ಲಿಯ ಮಳೆ ಮಣ್ಣಿನ ಸುಣ್ಣವನ್ನು ತೊಳೆದುಬಿಡುತ್ತದೆ, ಮಣ್ಣು ಹುಳಿಯಾಗುತ್ತದೆ, ಹುಳಿಮಣ್ಣಿನಲ್ಲಿ ಎಲುಬು, ಹಲ್ಲು ಕರಗಿಹೋಗುತ್ತವೆ. ಬಂಡೆಯನ್ನೇ ಬಿಡದ ಮಳೆ ಇದು. ಮನೆಗೋಡೆಗೆ ಕಟ್ಟುವ ಜಂಬಿಟ್ಟಿಗೆ ಏನೆಂದು ತಿಳಿದಿದ್ದೇವೆ? ಲಕ್ಷಾಂತರ ಮಳೆಗಾಲಗಳು ಬಂಡೆಯಿಂದ ಕರಗುವುದನ್ನೆಲ್ಲ ಕರಗಿಸಿ ಒಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಮ್ಮಿನ ಕೆಂಪು ಶೇಷ. ಕಾಡನ್ನು ಕೊಟ್ಟ ಮಳೆಯೇ ಕಾಡಿಗೆ ಬಂದವರ ಗುರುತನ್ನು ಅಳಿಸಿತು.

ಮತ್ತೆ, ಇಂದಿನ ಕಾಡು ಎಂದೆಂದೂ ಇದೇ ರೂಪದಲ್ಲಿತ್ತು ಎನ್ನುವಂತಿಲ್ಲ. ಹಿಮಯುಗಗಳು ಬಂದು ಹೋದಾಗಲೆಲ್ಲ ಮುಂಗಾರಿನ ಬಲ ಏರಿದೆ, ಇಳಿದಿದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ ಸಮುದ್ರ ಈಗಿರುವುದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು, ಮುಂಗಾರು ಸೊರಗಿತ್ತು. ಅಂಥ ಒಣಗಾಲಗಳು 12 ಲಕ್ಷ ವರ್ಷದಲ್ಲಿ ಹಲವು ಸಲ ಬಂದಿವೆ. ಆಗ ಕೊಪ್ಪದ ಗುಡ್ಡಗಳ ಮೇಲೆ ಕಾಡು ತೆಳುವಾಗಿ ಹುಲ್ಲು ಹಬ್ಬಿದ್ದರೆ, ಹುಲ್ಲಿನ ಹಿಂದೆ ಜಿಂಕೆ, ಜಿಂಕೆಯ ಹಿಂದೆ ಕೈಗೊಡಲಿ ಹಿಡಿದವರು ಬಂದಿದ್ದರೆ? ಇದು ನನ್ನ ಕಲ್ಪನೆ. ಅವರು ಬಿದಿರು, ಮರದಿಂದ ಕೆಲಸ ಮಾಡಿಕೊಂಡಿದ್ದರೆ ಅದರ ಒಂದು ಎಳೆಯೂ ಉಳಿದಿರದು. ಕಲ್ಲು ಬಳಸಿದ್ದರೆ ಮಾತ್ರ ಅದು ಎಲ್ಲೋ ದರಗಿನ ಕೆಳಗೆ, ಹಳ್ಳದ ದರೆಯಲ್ಲಿ, ಗದ್ದೆಯ ಹೂಳಿನಲ್ಲಿ ಇದ್ದೇ ಇರುತ್ತದೆ.

ಇಲ್ಲೇ ನನಗೆ ಈ ಇಡೀ ಕಥೆಯ ತಿರುಳು ಸಿಕ್ಕಿತು. ಅಂಥ ಒಂದು ಕಲ್ಲು ನಾಳೆ ನಮ್ಮ ಕೈಗೆ ಬಂದಿತು ಎನ್ನಿ. ಅದನ್ನು ತೊಳೆದು ಷೋಕೇಸಿನಲ್ಲಿಟ್ಟರೆ ಅದು ಚೆಂದದ ಕಲ್ಲು, ಅಷ್ಟೆ. ಅದರ ವಯಸ್ಸು ಅದರೊಳಗೆ ಇರಲಿಲ್ಲ. ಅದಕ್ಕೆ ಅಂಟಿದ್ದ ಮಣ್ಣಿನಲ್ಲಿತ್ತು, ಅದು ಮಲಗಿದ್ದ ಪದರದಲ್ಲಿತ್ತು, ಪಕ್ಕದಲ್ಲಿ ಬಿದ್ದಿದ್ದ ಚಕ್ಕೆಯಲ್ಲಿ, ಹಲ್ಲಿನಲ್ಲಿ, ಮೇಲಿನ ಮರಳಿನಲ್ಲಿತ್ತು. ಇಸಾಂಪುರದ ಹಲ್ಲನ್ನು ಯಾರಾದರೂ ಮೊದಲೇ ಹೆಕ್ಕಿ ಒಯ್ದಿದ್ದರೆ ಸುತ್ತಲ ಮಣ್ಣಿನ ಅಳತೆ ತಪ್ಪಿ ಅದೂ ಮೂಕವಾಗುತ್ತಿತ್ತು. ಯಾವುದೂ ತನ್ನ ಕಾಲವನ್ನು ಒಂಟಿಯಾಗಿ ಹೇಳಲಾರದು. ನೆರೆಹೊರೆ ಹೇಳಬೇಕು.

ಇದು ಕಲ್ಲಿಗೆ ಮಾತ್ರ ಸಲ್ಲುವ ನಿಯಮವೇ ಎಂದು ಯೋಚಿಸುತ್ತೇನೆ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಆ ಕಾಡು, ಆ ಮಳೆ, ಆ ಜನರನ್ನು ಬಿಟ್ಟು ಅವರ ಬರಹವನ್ನು ಅರ್ಥಮಾಡಿಕೊಳ್ಳಲು ಹೊರಟರೆ ಎಷ್ಟು ದೂರ ಹೋದೇವು? ಒಬ್ಬ ಮನುಷ್ಯನನ್ನು ಅವನ ನೆಲ, ನೀರು, ಜೊತೆಗಾರರಿಂದ ಬಿಡಿಸಿ ಎತ್ತಿಟ್ಟರೆ ಹೆಸರು ಉಳಿಯುತ್ತದೆ, ಕಾಲ ಉಳಿಯುವುದಿಲ್ಲ. ವಿಜ್ಞಾನ ಬಂದರೆ ಬೆರಗು ಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ನನಗೆ ಹಾಗೆ ಕಂಡಿಲ್ಲ. 12 ಲಕ್ಷ ಎಂಬ ಸಂಖ್ಯೆಯನ್ನು ಬರಿದೇ ಕೇಳಿದಾಗ ಆದ ಬೆರಗು ಅರ್ಧಗಳಿಗೆಯದು. ಒಂದು ದನದ ಹಲ್ಲು, ಯಾರೂ ಕೇಳದಿದ್ದರೂ, ಅಷ್ಟೂ ವರ್ಷ ಲೆಕ್ಕ ಇಟ್ಟಿತ್ತು ಎಂದು ತಿಳಿದ ಮೇಲಿನ ಬೆರಗು ಇನ್ನೂ ಇಳಿದಿಲ್ಲ.

ಹಾಗಾಗಿ ನಮ್ಮ ಸೀಮೆಯ ತೋಟಗಾರರಲ್ಲಿ, ಕೃಷಿಕರಲ್ಲಿ ಒಂದು ಕೋರಿಕೆ. ಈಗ ಎಲ್ಲ ಕಡೆ ಜೇಸಿಬಿ ಓಡುತ್ತಿದೆ. ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುತ್ತೇವೆ, ಗುಡ್ಡ ಕಡಿದು ಅಂಗಳ ಮಾಡುತ್ತೇವೆ, ಕೆರೆ ಹೂಳೆತ್ತುತ್ತೇವೆ, ರಸ್ತೆಗೆ ದರೆ ಕೊರೆಯುತ್ತೇವೆ. ನೂರಾರು ಪುರಾತತ್ತ್ವಜ್ಞರು ಅಗೆಯಲಾರದಷ್ಟು ನೆಲವನ್ನು ನಾವು ಒಂದು ಬೇಸಗೆಯಲ್ಲಿ ತೆರೆದುಬಿಡುತ್ತೇವೆ. ಆ ಹೊತ್ತಿನಲ್ಲಿ ಎರಡೂ ಮುಖ ಕೆತ್ತಿ ಅಂಚು ತೆಳು ಮಾಡಿದ, ಹೊಳೆಯ ಕಲ್ಲಿನ ಹಾಗೆ ಉರುಟಾಗಿರದ ಕಲ್ಲೊಂದು ಕಂಡರೆ ಎತ್ತಬೇಡಿ, ತೊಳೆಯಬೇಡಿ. ಇದ್ದ ಜಾಗದಲ್ಲೇ ಅದರ ಚಿತ್ರ ತೆಗೆಯಿರಿ. ನೆಲಮಟ್ಟದಿಂದ ಎಷ್ಟು ಅಡಿ ಕೆಳಗಿತ್ತು, ಮೇಲಿನ ಮಣ್ಣು ಯಾವ ಬಣ್ಣ, ಕೆಳಗಿನದು ಯಾವುದು, ಅಕ್ಕಪಕ್ಕ ಏನಿತ್ತು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ರಾಜ್ಯ ಪುರಾತತ್ತ್ವ ಇಲಾಖೆಗೋ, ಹತ್ತಿರದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸದ ಅಧ್ಯಾಪಕರಿಗೋ ತಿಳಿಸಿ. ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಕಲ್ಲೇ ಆಗಿರುತ್ತದೆ. ಹತ್ತನೆಯದಕ್ಕೆ ವಯಸ್ಸು ಹೇಳಲು ನೀವು ಬರೆದ ಆ ಚೀಟಿ ಬೇಕಾಗುತ್ತದೆ.